ಕೆರೆ ಏರಿಯ ಮೇಲೆ ಬೂಮ್ ಮೋವರ್: ಕೈ ಚಾಚುವ ಮುಂಚೆ ನಡೆದು ನೋಡಿ

ಹಿಂಗಾರು ಮುಗಿಯುವ ಹೊತ್ತಿಗೆ ನಮ್ಮ ಕೋಲಾರ ಜಿಲ್ಲೆಯ ಕೆರೆ ಏರಿಗಳನ್ನು ನೋಡಬೇಕು. ಅಲ್ಲಿ ಏರಿ ಇದೆ ಅಂತ ಗೊತ್ತಿದ್ದವರಿಗೆ ಮಾತ್ರ ಏರಿ ಕಾಣುತ್ತದೆ. ಬಳ್ಳಾರಿ ಜಾಲಿ, ಲಂಟಾನ, ಕಾಂಗ್ರೆಸ್ ಗಿಡ, ಮೇಲೆ ಹಬ್ಬಿದ ಬಳ್ಳಿ, ಎಲ್ಲ ಸೇರಿ ಒಂದು ಗೋಡೆ ಆಗಿರುತ್ತದೆ. ತೂಬಿನ ಹತ್ತಿರ ಹೋಗಲು ದಾರಿ ಇರುವುದಿಲ್ಲ. ಏರಿ ಎಲ್ಲಾದರೂ ಸೋರುತ್ತಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಮುಂಚೆ ಮನೆಗೊಬ್ಬರಂತೆ ಮಚ್ಚು ಹಿಡಿದು ಹೋಗಿ ಸವರಿ ಬರುತ್ತಿದ್ದರು. ಈಗ ಆಳು ಸಿಗುವುದು ಕಷ್ಟ. ಅದಕ್ಕೇ ಟ್ರ್ಯಾಕ್ಟರ್‌ಗೆ ಕಟ್ಟುವ ಬೂಮ್ ಮೋವರ್ ನಮ್ಮ ಕಡೆಗೂ ಬಂದಿದೆ.

ಹೆದ್ದಾರಿ ಬದಿಯಲ್ಲಿ ನೀವು ನೋಡಿರಬಹುದು. ಟ್ರ್ಯಾಕ್ಟರ್‌ನಿಂದ ಎರಡು ಮೂರು ಕೀಲಿರುವ ಉದ್ದನೆಯ ಕೈಯೊಂದು ಪಕ್ಕಕ್ಕೆ ಚಾಚಿರುತ್ತದೆ. ತುದಿಯಲ್ಲಿ ಸುಮಾರು ಒಂದು ಮೀಟರ್ ಅಗಲದ ತಲೆ ಇರುತ್ತದೆ. ಅದರೊಳಗೆ ಉರುಳೆ, ಉರುಳೆಗೆ ನೇತುಬಿದ್ದ ಬ್ಲೇಡ್‌ಗಳು. ಪಿಟಿಓ, ಅಂದರೆ ಎಂಜಿನ್ ಶಕ್ತಿಯನ್ನು ಹಿಂದೆ ಕಟ್ಟಿದ ಮೆಷಿನ್‌ಗೆ ಕೊಡುವ ತಿರುಗುವ ದಂಡ, ಒಂದು ಪಂಪ್ ತಿರುಗಿಸುತ್ತದೆ, ಪಂಪ್ ಆಯಿಲ್ ತಳ್ಳುತ್ತದೆ, ಆಯಿಲ್ ತಲೆಯಲ್ಲಿರುವ ಮೋಟರ್ ತಿರುಗಿಸುತ್ತದೆ. ಕೈ 4ರಿಂದ 6 ಮೀಟರ್ ದೂರ ಚಾಚುವ ಮೆಷಿನ್‌ಗಳೇ ಜಾಸ್ತಿ.

ಇದರ ಅಪಾಯ ರೋಟವೇಟರ್ ಅಪಾಯದಂಥದ್ದಲ್ಲ. ಉಳುವಾಗ ನಾವು ಮುಂದೆ ನೋಡುತ್ತೇವೆ, ಆಗಾಗ ಹಿಂದೆ ತಿರುಗುತ್ತೇವೆ. ಬೂಮ್ ಮೋವರ್ ಓಡಿಸುವಾಗ ದಿನವಿಡೀ ಕತ್ತು ಒಂದೇ ಕಡೆ ತಿರುಗಿರುತ್ತದೆ. ತಲೆ ಎಲ್ಲಿದೆ, ಏನು ಕತ್ತರಿಸುತ್ತಿದೆ, ಕಣ್ಣು ಅಲ್ಲೇ ನೆಟ್ಟಿರುತ್ತದೆ. ಮೇಲಿರುವ ತಂತಿ, ಇನ್ನೊಂದು ಪಕ್ಕದ ಚಕ್ರ, ಹಿಂದಿನಿಂದ ಬರುವ ಬೈಕು, ಇವು ಯಾವುವೂ ಕಾಣುವುದಿಲ್ಲ. ಸೀಟಿನ ಮೇಲೆ ಕೂತು ನೋಡಲಾಗದ್ದನ್ನು ಮೊದಲೇ ನಡೆದು ನೋಡಿಕೊಂಡಿರಬೇಕು. ಈ ಲೇಖನ ಬರೆಯಲು ಕೂತದ್ದೇ ಅದನ್ನು ಹೇಳಲು.

ನನಗೆ ಇದು ತಡವಾಗಿ ಅರ್ಥವಾಯಿತು. ಮುಳಬಾಗಿಲು ಕಡೆ ಒಂದು ಕೆರೆ ಏರಿ ಸವರಲು ಒಪ್ಪಿಕೊಂಡಿದ್ದೆ. ಪಂಪ್‌ಸೆಟ್‌ಗೆ ಹೋಗುವ ಒಂದು ಲೈನ್ ಏರಿಯನ್ನು ದಾಟುತ್ತಿತ್ತು. "ಅದು ಡೆಡ್ ಲೈನ್, ಕನೆಕ್ಷನ್ ತೆಗೆದು ವರ್ಷ ಆಯ್ತು" ಅಂತ ಕೆಲಸ ಕೊಟ್ಟವರು ಹೇಳಿದರು. ನಾನು ನಂಬಿದೆ. ಕೈ ಎತ್ತಿ ಒಂದು ಜಾಲಿಯ ನೆತ್ತಿಗೆ ಹಿಡಿಯುತ್ತಿದ್ದೆ. ಅಚ್ಚುಕಟ್ಟಿನ ಕಡೆಯಿಂದ ಒಬ್ಬ ಹಿರಿಯರು ಟವೆಲ್ ಬೀಸುತ್ತಾ ಓಡಿ ಬಂದರು. "ಅಣ್ಣೋ, ಲೈನಾಗೆ ಕರೆಂಟ್ ಐತೆ, ಎತ್ತಬ್ಯಾಡ!" ತಂತಿಗೂ ಮೆಷಿನ್‌ನ ಕೈಗೂ ಒಂದು ಮೊಳ ಉಳಿದಿತ್ತು. ಅವರ ಮೋಟರ್ ಅದೇ ಲೈನ್‌ನಲ್ಲಿ ಓಡುತ್ತಿತ್ತು. ಆ ದಿನ ಮತ್ತೆ ಕೆಲಸ ಮಾಡಲು ನನಗೆ ಆಗಲಿಲ್ಲ.

ಹಿಂದಿನ ದಿನದ ಕೆಲಸ

ಮೆಷಿನ್ ತರುವ ಹಿಂದಿನ ದಿನ ಸಂಜೆ ಬಿಸಿಲು ಇಳಿದ ಮೇಲೆ ಹೋಗಿ. ಕೈಯಲ್ಲಿ ಒಂದು ಕೋಲು, ಸುಣ್ಣದ ಪುಡಿ, ಕೆಂಪು ಬಟ್ಟೆಯ ಚೂರುಗಳು, ಒಂದು ಗೋಣಿಚೀಲ ಇರಲಿ. ಊರಿನವರು ಯಾರಾದರೂ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದನ ಮೇಯಿಸುವವರಾದರೆ ಇನ್ನೂ ಒಳ್ಳೆಯದು. ಪೊದೆಯೊಳಗೆ ಏನಿದೆ ಅಂತ ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ನಮ್ಮ ಕಡೆ ಮೊದಲು ಹುಡುಕಬೇಕಾದದ್ದು ತಂತಿ. ಟೊಮ್ಯಾಟೊ ತೋಟ ಕಿತ್ತ ಮೇಲೆ ಜಿ.ಐ. ತಂತಿ, ಪ್ಲಾಸ್ಟಿಕ್ ದಾರ, ಮಲ್ಚಿಂಗ್ ಶೀಟ್, ಹಳೇ ಡ್ರಿಪ್ ಪೈಪ್ ಎಲ್ಲವನ್ನೂ ತಂದು ಹಾಕುವುದು ಏರಿಯ ಬದಿಗೇ, ರಸ್ತೆಯ ಅಂಚಿಗೇ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರದ ತಂತಿ ಸಿಗುತ್ತದೆ. ದಾರ, ಪೈಪ್ ಉರುಳೆಗೆ ಸುತ್ತಿಕೊಂಡರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಲೋಹದ ತಂತಿ ಹಾಗಲ್ಲ. ಅದು ತುಂಡಾದರೆ ಒಂದೊಂದು ತುಂಡೂ ಗುಂಡಿನ ಹಾಗೆ ಹಾರುತ್ತದೆ. ತುಂಡಾಗದೆ ಒಂದು ತುದಿ ಉರುಳೆಗೆ ಸಿಕ್ಕಿತೆಂದರೆ ಇನ್ನೊಂದು ತುದಿ ಚಾಟಿಯ ಹಾಗೆ ಬೀಸುತ್ತದೆ. ಸಿಕ್ಕಿದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ. ಎಳೆದರೂ ಬಾರದ ತಂತಿ ಇರುವ ಜಾಗದ ಸುತ್ತ ಸುಣ್ಣ ಹಾಕಿ, ಅಲ್ಲಿ ಮಚ್ಚಿನಲ್ಲೇ ಸವರಿ.

ಆಮೇಲೆ ಕಲ್ಲು. ಬೇಲಿಯ ಮುರಿದ ಕಲ್ಲುಕಂಬ, ಬಾಂದು ಕಲ್ಲು, ಕಿಲೋಮೀಟರ್ ಕಲ್ಲು, ಮೋರಿಯ ತಡೆಗೋಡೆ. ಏರಿಯ ನೀರಿನ ಬದಿಯಲ್ಲಿ ಕಟ್ಟಿರುವ ಕಲ್ಲುಗಳಂತೂ ಹಳೇ ಕೆರೆಗಳಲ್ಲಿ ಸಡಿಲವಾಗಿ ಎದ್ದಿರುತ್ತವೆ. ಆ ಬದಿಯಲ್ಲಿ ತಲೆಯನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿಯಲು ಆಗುವುದಿಲ್ಲ ಅನ್ನಿಸಿದರೆ ಮೆಷಿನ್ ಬೇಡವೇ ಬೇಡ. ಲಂಟಾನದ ಒಳಗೆ ನಾಗರಕಲ್ಲು, ಗಂಗಮ್ಮನ ಕಲ್ಲು ಮುಚ್ಚಿಹೋಗಿರುವುದೂ ಉಂಟು. ಅದಕ್ಕೆ ಪೆಟ್ಟಾದರೆ ಊರಿನವರ ಮನಸ್ಸಿಗೂ ಪೆಟ್ಟು, ನಿಮ್ಮ ಬ್ಲೇಡಿಗೂ ಪೆಟ್ಟು. ಮೊದಲೇ ಕೇಳಿ ತಿಳಿದುಕೊಂಡು ಅಲ್ಲಿ ಕೆಂಪು ಬಟ್ಟೆ ಕಟ್ಟಿ.

ನೆಲವನ್ನು ಕೋಲಿನಿಂದ ಕುಟ್ಟುತ್ತಾ ಹೋಗಿ. ಹೆಗ್ಗಣ ತೋಡಿದ ಬಿಲ, ಮಳೆಗೆ ಕೊರೆದ ಕೊರಕಲು, ಮೇಲೆ ಹುಲ್ಲು ಮುಚ್ಚಿ ಕೆಳಗೆ ಪೊಳ್ಳಾಗಿರುವ ಅಂಚು, ಇವೆಲ್ಲ ಚಕ್ರದ ಜಾಗಗಳು. ಟ್ರ್ಯಾಕ್ಟರ್ ಮಗುಚುವುದು ಇಂಥ ಕಡೆಯೇ.

ಕೊನೆಗೆ ಜೇನು. ಮರದ ಕೊಂಬೆಯಲ್ಲಿ ಹೆಜ್ಜೇನು, ಪೊದೆಯಲ್ಲಿ ಕಡಜದ ಗೂಡು. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಮೇಲೆ ಕೂತವನ ಪಾಡು ಯೋಚಿಸಿ. ಕೈ ಚಾಚಿರುತ್ತದೆ, ಬ್ಲೇಡ್ ತಿರುಗುತ್ತಿರುತ್ತದೆ, ಒಂದು ಪಕ್ಕ ಇಳಿಜಾರು. ಎಲ್ಲಿ ಓಡುವುದು? ಹೆಜ್ಜೇನು ಇದ್ದ ಮರದ ಹತ್ತಿರ ಆ ಸಲ ಹೋಗಲೇಬೇಡಿ. ಗೌಜಲು, ನವಿಲು ಮೊಟ್ಟೆ ಇಟ್ಟಿದ್ದು ಕಂಡರೆ ಅಷ್ಟು ಜಾಗ ಬಿಟ್ಟುಬಿಡಿ. ಮರಿ ಆದ ಮೇಲೆ ಬಂದು ಸವರಿದರೆ ನಮಗೇನೂ ನಷ್ಟವಿಲ್ಲ, ಅಲ್ವಾ?

ಒಂದು ಮಾತು, ಪೊದೆ ಬೇರೆ, ಮರ ಬೇರೆ. ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ರಸ್ತೆ ಬದಿಯ ಮರ, ಏರಿಯ ಮೇಲಿನ ಮರ ಮುಟ್ಟಬೇಕಾದರೆ ಅನುಮತಿ ಬೇಕು. ಕೆರೆ ಪಂಚಾಯ್ತಿಯದೋ, ಸಣ್ಣ ನೀರಾವರಿ ಇಲಾಖೆಯದೋ, ಯಾರದು ಅಂತ ತಿಳಿದು ಅವರಿಂದ ಕಾಗದ ತೆಗೆದುಕೊಳ್ಳಿ. ಟ್ರ್ಯಾಕ್ಟರ್ ಇನ್ಶೂರೆನ್ಸ್ ಬರೀ ಬೇಸಾಯಕ್ಕೆ ಮಾಡಿಸಿದ್ದೋ, ಬಾಡಿಗೆ ಕೆಲಸಕ್ಕೂ ಆಗುತ್ತೋ, ಅದನ್ನೂ ಒಮ್ಮೆ ವಿಚಾರಿಸಿ.

ಟ್ರ್ಯಾಕ್ಟರ್‌ಗೆ ಜೋಡಿಸುವುದು

ಬೂಮ್ ಮೋವರ್ ಸಣ್ಣ ಸಾಮಾನಲ್ಲ. ಹಗುರದ್ದೇ ನಾಲ್ಕೈದು ನೂರು ಕೆ.ಜಿ. ಇರುತ್ತದೆ, ದೊಡ್ಡದು ಟನ್ ದಾಟುತ್ತದೆ. ಈ ಭಾರವೆಲ್ಲ ಒಂದೇ ಪಕ್ಕಕ್ಕೆ ಜಗ್ಗುತ್ತದೆ. ತಕ್ಕಡಿಯ ಒಂದು ತಟ್ಟೆ ದೂರ ಹೋದಷ್ಟೂ ಅದರ ಎಳೆತ ಜಾಸ್ತಿ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಎಚ್.ಪಿ. ಮಾತ್ರವಲ್ಲ, ಟ್ರ್ಯಾಕ್ಟರ್ ತೂಕ ಕನಿಷ್ಠ ಎಷ್ಟಿರಬೇಕು ಅಂತಲೂ ಬರೆದಿರುತ್ತದೆ. ಎಚ್.ಪಿ. ಸಾಕು ಅಂತ ತೂಕ ನೋಡದೆ ಕಟ್ಟುವವರು ಬಹಳ ಮಂದಿ. ಹಾಗೆ ಮಾಡಬೇಡಿ. ಹಿಂದಿನ ಚಕ್ರಗಳ ಅಂತರವನ್ನು ಪುಸ್ತಕದಲ್ಲಿ ಹೇಳಿದಷ್ಟು ಅಗಲಿಸಿ. ಕೈ ಚಾಚುವ ಬದಿಗೆ ಎದುರಿನ ಚಕ್ರಕ್ಕೆ ವೀಲ್ ವೇಟ್ ಹಾಕಿಸಿ. ಮುಂದೆಯೂ ತೂಕ ಇರಲಿ. ಟಯರ್‌ನಲ್ಲಿ ಗಾಳಿ ಸಮ ಇರಲಿ. ಒಂದರಲ್ಲಿ ಕಡಿಮೆ ಇದ್ದರೂ ಟ್ರ್ಯಾಕ್ಟರ್ ಆ ಕಡೆ ವಾಲುತ್ತದೆ.

ಜೋಡಿಸಿದ ಮೇಲೆ ಸಮ ನೆಲದಲ್ಲಿ ಒಂದು ಪರೀಕ್ಷೆ ಮಾಡಿ. ಬ್ಲೇಡ್ ತಿರುಗಿಸಬೇಡಿ. ತಲೆಯನ್ನು ನೆಲದಿಂದ ಸ್ವಲ್ಪವೇ ಮೇಲೆ ಹಿಡಿದು, ಕೈಯನ್ನು ನಿಧಾನವಾಗಿ ಪೂರ್ತಿ ಚಾಚಿ. ಎದುರು ಬದಿಯ ಚಕ್ರ ಹಗುರವಾಗುತ್ತಿದೆಯಾ ಅಂತ ದೂರದಲ್ಲಿ ನಿಂತ ಇನ್ನೊಬ್ಬರು ನೋಡಲಿ. ಸಮ ನೆಲದಲ್ಲೇ ಹಗುರವಾದರೆ ಆ ಟ್ರ್ಯಾಕ್ಟರ್ ಏರಿಗೆ ಆಗದು.

ಮೆಷಿನ್ ಜೋಡಿಸುವ ಪಿನ್‌ಗಳು ಕಳಚದಂತೆ ತಡೆಯುವ ಲಿಂಚ್ ಪಿನ್ ಹಾಕಿ. ಮೊಳೆ, ತಂತಿ ಸುತ್ತಿ ಸುಧಾರಿಸಬೇಡಿ. ಮೆಷಿನ್ ಪಕ್ಕಕ್ಕೆ ತೂಗಾಡದಂತೆ ಹಿಡಿಯುವ ಚೆಕ್ ಚೈನ್ ಬಿಗಿ ಮಾಡಿ, ಮೆಷಿನ್ ಅಲ್ಲಾಡಬಾರದು.

ಪಿಟಿಓ ಶಾಫ್ಟ್ ಬಗ್ಗೆ ನಮ್ಮವರಿಗೆ ಭಯ ಸಾಲದು. 540 ಆರ್.ಪಿ.ಎಂ. ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಏಳೆಂಟು ಸೆಂಟಿಮೀಟರ್ ದಪ್ಪದ ಶಾಫ್ಟ್ ಒಂದು ಸೆಕೆಂಡಿನಲ್ಲಿ ಸುಮಾರು ಎರಡು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ ಅಷ್ಟು ಉದ್ದ ಇಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸಿ, ಆಮೇಲೆ ಕೆಲಸ. ಪಂಚೆ, ಲುಂಗಿ, ಟವೆಲ್, ಸಡಿಲ ತೋಳಿನ ಅಂಗಿ, ಕತ್ತಿನ ದಾರ ಯಾವುದೂ ಇರಬಾರದು. ಪ್ಯಾಂಟು, ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್.

ಮೆಷಿನ್ ಕೊಳ್ಳುವವರು, ಬಾಡಿಗೆಗೆ ತರುವವರು ಇನ್ನೊಂದು ವಿಷಯ ನೋಡಿಕೊಳ್ಳಿ: ಕೈ ಯಾವ ಕಡೆ ಚಾಚುತ್ತದೆ? ನಾವು ರಸ್ತೆಯ ಎಡಗಡೆ ಓಡಿಸುವವರು. ರಸ್ತೆ ಬದಿಯ ಕೆಲಸಕ್ಕೆ ಕೈ ಎಡಕ್ಕೆ ಚಾಚಬೇಕು. ಬಲಕ್ಕೆ ಚಾಚುವ ಮೆಷಿನ್‌ನಲ್ಲಿ ಅದೇ ಬದಿ ಕತ್ತರಿಸಬೇಕಾದರೆ ಎದುರು ಬರುವ ಗಾಡಿಗಳಿಗೆ ಮುಖ ಕೊಟ್ಟು ಹೋಗಬೇಕಾಗುತ್ತದೆ. ಅದು ಬೇಡ.

ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ

ತಲೆ ನೆಲದ ಮೇಲಿರಲಿ. ಕೀಲಿ ಜೇಬಿನಲ್ಲಿರಲಿ. ಒಂದೊಂದೇ ಬ್ಲೇಡ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಬಿರುಕು ಬಿಟ್ಟದ್ದು, ಸವೆದದ್ದು, ಇಲ್ಲದೇ ಇರುವುದು ಯಾವುದು ಅಂತ ಎಣಿಸಿ. ಒಂದು ಬ್ಲೇಡ್ ಇಲ್ಲದಿದ್ದರೂ ಉರುಳೆ ಸಮತೂಕ ತಪ್ಪಿ ಅದುರುತ್ತದೆ. ಅದುರಿದರೆ ಬೋಲ್ಟ್‌ಗಳು ಸಡಿಲವಾಗುತ್ತವೆ, ಆಮೇಲೆ ಇನ್ನೊಂದು ಬ್ಲೇಡ್ ಹಾರುತ್ತದೆ. ಬದಲಾಯಿಸುವಾಗ ಎದುರು ಬದುರಿನ ಜೋಡಿಯನ್ನೇ ಬದಲಾಯಿಸಿ, ಬೋಲ್ಟು ನಟ್ಟೂ ಹೊಸದು ಹಾಕಿ. ಊರಿನ ವೆಲ್ಡಿಂಗ್ ಶಾಪ್‌ನಲ್ಲಿ ಹಳೇ ಕಮಾನು ಪಟ್ಟಿ ಕತ್ತರಿಸಿ ಬ್ಲೇಡ್ ಮಾಡಿಕೊಡುತ್ತಾರೆ, ಅಗ್ಗ. ಅದರ ಗಟ್ಟಿತನ ಬೇರೆ, ತೂಕ ಬೇರೆ. ಕಲ್ಲಿಗೆ ತಾಗಿದರೆ ಗಾಜಿನ ಹಾಗೆ ಸಿಡಿಯಬಹುದು. ಈ ಒಂದರಲ್ಲಿ ದುಡ್ಡು ಉಳಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ತಲೆಯ ಮುಂದೆ ಹಿಂದೆ ನೇತುಹಾಕಿರುವ ರಬ್ಬರ್ ಪಟ್ಟಿ, ಸರಪಳಿಗಳು ಅಲಂಕಾರಕ್ಕಲ್ಲ. ಸಿಡಿಯುವ ಕಲ್ಲನ್ನು ತಡೆಯುವುದು ಅವೇ. ಹುಲ್ಲು ಸಿಕ್ಕಿಕೊಳ್ಳುತ್ತದೆ ಅಂತ ಬಿಚ್ಚಿಟ್ಟ ಮೆಷಿನ್‌ಗಳನ್ನು ನೋಡಿದ್ದೇನೆ. ಅಂಥದ್ದನ್ನು ಬಾಡಿಗೆಗೆ ತರಬೇಡಿ.

ಈಗ ಆಯಿಲ್ ಪೈಪ್‌ಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೈಡ್ರಾಲಿಕ್ ಪೈಪ್‌ನೊಳಗಿನ ಒತ್ತಡ ಎರಡು ಸಾವಿರ ಪಿ.ಎಸ್.ಐ. ದಾಟುತ್ತದೆ. ಟ್ರ್ಯಾಕ್ಟರ್ ಟಯರ್‌ನ ಗಾಳಿ ಇಪ್ಪತ್ತು ಮೂವತ್ತು ಪಿ.ಎಸ್.ಐ. ಅನ್ನುವುದನ್ನು ನೆನಪಿಸಿಕೊಂಡರೆ ಇದೆಷ್ಟು ಅಂತ ಗೊತ್ತಾಗುತ್ತದೆ. ಪೈಪ್‌ನಲ್ಲಿ ಸೂಜಿ ಮೊನೆಯಷ್ಟು ತೂತಾದರೂ ಆಯಿಲ್ ಮಂಜಿನ ಹಾಗೆ ಬರುತ್ತದೆ, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಎಲ್ಲಿ ಸೋರುತ್ತಿದೆ ಅಂತ ಬೆರಳಿಟ್ಟು ಸವರಿದರೆ ಆ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಕೈಗವಸು ಹಾಕಿದ್ದರೂ ತೂರುತ್ತದೆ. ಹೊರಗೆ ಇರುವೆ ಕಚ್ಚಿದಷ್ಟು ಗುರುತು. ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾತ್ರ ಮಾಂಸ ಕೊಳೆಯಲು ಶುರುವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿ ಆಯಿಲ್ ತೆಗೆಯದಿದ್ದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ.

ಸೋರಿಕೆ ಹುಡುಕಬೇಕಾದರೆ ಒಂದು ರಟ್ಟಿನ ಚೂರನ್ನು ಉದ್ದ ಕೋಲಿಗೆ ಕಟ್ಟಿ ಪೈಪ್ ಉದ್ದಕ್ಕೂ ಹಿಡಿಯಿರಿ. ಕಣ್ಣಿಗೆ ಕನ್ನಡಕ ಇರಲಿ. ರಟ್ಟಿನ ಮೇಲೆ ಕಲೆ ಬಿದ್ದಲ್ಲಿ ತೂತು. ಎಂಜಿನ್ ಆಫ್ ಮಾಡಿ, ತಲೆ ನೆಲಕ್ಕೆ ಇಳಿಸಿ, ಲಿವರ್‌ಗಳನ್ನು ಎರಡೂ ಕಡೆ ಆಡಿಸಿ ಒತ್ತಡ ಇಳಿಸಿ, ಆಮೇಲೆ ಜಾಯಿಂಟ್ ಬಿಚ್ಚಿ. ಯಾರಿಗಾದರೂ ಆಯಿಲ್ ಚುಚ್ಚಿದ ಅನುಮಾನ ಬಂದರೂ ಸಾಕು, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಬಾಯಿಬಿಟ್ಟು ಹೇಳಿ: "ಒತ್ತಡದ ಹೈಡ್ರಾಲಿಕ್ ಆಯಿಲ್ ಚರ್ಮದ ಒಳಗೆ ಹೋಗಿದೆ." ಸಣ್ಣ ಗಾಯ ಅಂತ ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರಬೇಡಿ. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ನೋಡಬೇಕು.

ಮೇಲಿನ ತಂತಿ

ಹೊಲದ ಮೇಲೆ ಹೋಗುವ 11 ಕೆ.ವಿ. (11 ಸಾವಿರ ವೋಲ್ಟ್) ಲೈನ್‌ನ ಹೊದಿಕೆ ಇಲ್ಲದ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕು, ರಸ್ತೆಯನ್ನು ಅಡ್ಡ ದಾಟುವಲ್ಲಿ 6.1 ಮೀಟರ್ ಅಂತ ನಿಯಮ ಹೇಳುತ್ತದೆ. ನಿಮ್ಮ ಮೆಷಿನ್‌ನ ಕೈ ಮೇಲೆತ್ತಿದರೆ ಐದಾರು ಮೀಟರ್ ಮುಟ್ಟುತ್ತದೆ. ಹಾಗಾಗಿ ನಿಯಮದ ಪ್ರಕಾರವೇ ಇರುವ ಲೈನ್ ಕೂಡ ನಿಮಗೆ ಎಟುಕುತ್ತದೆ. ಅದರ ಮೇಲೆ ಇನ್ನೂ ಎರಡು ಸಂಗತಿ. ಕಂಬಗಳು ಕೆಳಗೆ ಗದ್ದೆಯಲ್ಲಿ ನಿಂತಿದ್ದು, ನೀವು ಏರಿಯ ನೆತ್ತಿಯ ಮೇಲಿದ್ದರೆ ತಂತಿ ಇನ್ನಷ್ಟು ಹತ್ತಿರ. ಬಿಸಿಲು ಏರಿದಂತೆ ತಂತಿ ಹಿಗ್ಗಿ ಜೋಲುತ್ತದೆ. ಬೆಳಿಗ್ಗೆ ಇದ್ದ ಅಂತರ ಮಧ್ಯಾಹ್ನ ಇರುವುದಿಲ್ಲ.

ಪಂಪ್‌ಸೆಟ್ ಲೈನ್‌ಗಳ ಕಥೆ ನಿಮಗೇ ಗೊತ್ತು. ವಾಲಿದ ಕಂಬ, ಮರಕ್ಕೆ ಕಟ್ಟಿದ ಸರ್ವಿಸ್ ವೈರ್, ಬಳ್ಳಿ ಹಬ್ಬಿ ಮುಚ್ಚಿಹೋದ ತಂತಿ. ತ್ರೀ ಫೇಸ್ ಕರೆಂಟ್ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. "ಈಗ ಕರೆಂಟ್ ಇಲ್ಲ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಪ್ರತಿ ತಂತಿಯಲ್ಲೂ ಕರೆಂಟ್ ಇದೆ ಅಂತಲೇ ಲೆಕ್ಕ. ಮೆಷಿನ್‌ನ ಯಾವ ಭಾಗವೂ ತಂತಿಗೆ 3 ಮೀಟರ್‌ಗಿಂತ ಹತ್ತಿರ ಹೋಗಬಾರದು. ದೊಡ್ಡ ಟವರ್ ಲೈನ್ ಆದರೆ ಅದರ ಕೆಳಗೆ ಕೈ ಎತ್ತುವ ಕೆಲಸವೇ ಬೇಡ. ಲೈನ್ ಕೆಳಗಿನ ಪೊದೆ ತೆಗೆಯಲೇಬೇಕಾದರೆ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿ ಅಲ್ಲೇ ನಿಂತಿರುವಾಗ ಮಾಡಿ.

ಹಿಂದಿನ ದಿನ ನಡೆಯುವಾಗ ಪ್ರತಿ ತಂತಿಯ ಎರಡೂ ಕಡೆ ಹತ್ತು ಹೆಜ್ಜೆ ದೂರಕ್ಕೆ ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. ಕೆಲಸ ಮಾಡುವಾಗ ಕಣ್ಣು ಕೆಳಗೆ ಇರುತ್ತದೆ, ಮೇಲಿನ ತಂತಿ ಕಾಣುವುದಿಲ್ಲ, ಗೆರೆ ಕಾಣುತ್ತದೆ. ಗೆರೆ ಬಂದರೆ ಕೈ ಕೆಳಗೆ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿಲ್ಲ.

ಅಕಸ್ಮಾತ್ ತಂತಿಗೆ ತಾಗಿಯೇ ಬಿಟ್ಟರೆ ಸೀಟು ಬಿಟ್ಟು ಏಳಬೇಡಿ. ಕೂತಿರುವವರೆಗೆ ಬದುಕುವ ದಾರಿ ಇದೆ. ಒಂದು ಕಾಲು ನೆಲಕ್ಕೆ, ಒಂದು ಕೈ ಟ್ರ್ಯಾಕ್ಟರ್‌ಗೆ ಇಟ್ಟರೆ ಕರೆಂಟ್ ನಿಮ್ಮ ಮೂಲಕವೇ ಹರಿಯುತ್ತದೆ. ರಬ್ಬರ್ ಟಯರ್ ಕಾಪಾಡುತ್ತದೆ ಅನ್ನುವುದು ಸುಳ್ಳು. ಸಾಧ್ಯವಾದರೆ ಲಿವರ್‌ನಿಂದ ಮೆಷಿನ್‌ನ ಕೈಯನ್ನು ತಂತಿಯಿಂದ ಬಿಡಿಸಿ. ಯಾರೂ ಹತ್ತಿರ ಬರಬೇಡಿ ಅಂತ ಕೂಗಿ ಹೇಳಿ, ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಿಸಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿಸಿ. ಲೈನ್ ಟ್ರಿಪ್ ಆದ ಹಾಗೆ ಕಂಡರೂ ಮತ್ತೆ ಕರೆಂಟ್ ಬರಬಹುದು. ಬೆಸ್ಕಾಂನವರು ಬಂದು ಹೇಳುವವರೆಗೆ ಕೂತೇ ಇರಿ. ಬೆಂಕಿ ಹತ್ತಿಕೊಂಡರೆ ಮಾತ್ರ ಇಳಿಯಬೇಕು. ಆಗಲೂ ಮೆಟ್ಟಿಲು ಹಿಡಿದು ಇಳಿಯುವುದಲ್ಲ. ಎರಡೂ ಕಾಲು ಜೋಡಿಸಿ, ಟ್ರ್ಯಾಕ್ಟರ್ ಮುಟ್ಟದೆ ದೂರಕ್ಕೆ ಹಾರಬೇಕು. ಬಿದ್ದ ಮೇಲೆ ದೊಡ್ಡ ಹೆಜ್ಜೆ ಹಾಕಬಾರದು. ಪಾದ ಜೋಡಿಸಿಕೊಂಡೇ ಪುಟ್ಟ ಪುಟ್ಟದಾಗಿ ಜರುಗುತ್ತಾ ದೂರ ಹೋಗಬೇಕು. ಈ ಪಾಠವನ್ನು ಸಹಾಯಕ ಹುಡುಗನಿಗೂ ಹೇಳಿಕೊಡಿ, ಮನೆಯವರಿಗೂ ಹೇಳಿಕೊಡಿ.

ಏರಿಯ ಮೇಲೆ ಓಡಿಸುವುದು

ಹಳ್ಳದ ಅಂಚಿನಲ್ಲಿ ಓಡಿಸುವಾಗ ಒಂದು ಲೆಕ್ಕ ಇದೆ: ಹಳ್ಳ ಎಷ್ಟು ಆಳವೋ ಅಂಚಿನಿಂದ ಅಷ್ಟು ದೂರ ಚಕ್ರ ಇರಬೇಕು. ಏರಿಯ ಮೇಲೆ ಅಷ್ಟು ಅಗಲ ಸಿಗುವುದಿಲ್ಲ. ಹಳೇ ಏರಿಗಳು ತುಳಿದು ಗಟ್ಟಿಯಾಗಿರುತ್ತವೆ, ನಿಜ. ಆದರೆ ಅಂಚು ಗಟ್ಟಿ ಇರುವುದಿಲ್ಲ. ಚಕ್ರದ ಹೊರಗೆ ಒಂದು ಮಾರು ಗಟ್ಟಿ ನೆಲ ಕಾಣದಿದ್ದರೆ ನಾನು ಟ್ರ್ಯಾಕ್ಟರ್ ಹತ್ತಿಸುವುದಿಲ್ಲ. ಜೋರು ಮಳೆ ಬಂದ ಮೇಲೆ ನಾಲ್ಕೈದು ದಿನ ಬಿಸಿಲು ಕಾಯಲಿ.

ಇಳಿಜಾರಿನ ಕೆಳಬದಿಗೆ ಕೈ ಚಾಚುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಟ್ರ್ಯಾಕ್ಟರ್ ಆ ಕಡೆಗೇ ವಾಲಿರುತ್ತದೆ, ಭಾರವೂ ಆ ಕಡೆಗೇ. ಟ್ರ್ಯಾಕ್ಟರ್ ನಿಂತ ನೆಲ ಸಮವಾಗಿರಲಿ. ಕೈಯನ್ನು ಪೂರ್ತಿ ಚಾಚಬೇಡಿ, ಹತ್ತಿರದಿಂದ ದೂರಕ್ಕೆ ಎರಡು ಮೂರು ಸಾಲಿನಲ್ಲಿ ಕತ್ತರಿಸಿ. ತಿರುಗಿಸುವಾಗ ಕೈ ಮಡಚಿಯೇ ತಿರುಗಿಸಿ. ವೇಗ ಮನುಷ್ಯ ನಡೆಯುವುದಕ್ಕಿಂತ ನಿಧಾನ, ಗಂಟೆಗೆ 2-3 ಕಿಲೋಮೀಟರ್ ಸಾಕು. ಪಿಟಿಓ ಹಾಕುವಾಗ ಎಂಜಿನ್ ನಿಧಾನದಲ್ಲಿರಲಿ, ಆಮೇಲೆ 540ಕ್ಕೆ ಏರಿಸಿ. ಎಂಜಿನ್ ಏದುಸಿರು ಬಿಟ್ಟರೆ ಗಿಡ ದಪ್ಪ ಅಂತ ಅರ್ಥ. ಹೆಬ್ಬೆರಳಿಗಿಂತ ದಪ್ಪ ಕಾಂಡಗಳನ್ನು ನಾನು ಮೊದಲೇ ಗರಗಸದಿಂದ ಕೊಯ್ಯಿಸುತ್ತೇನೆ. ಮೆಷಿನ್‌ನ ಪುಸ್ತಕ ಇನ್ನೂ ದಪ್ಪಕ್ಕೆ ಒಪ್ಪಿದರೂ ಸರಿ, ಜಾಲಿ ಗಟ್ಟಿ ಮರ.

ಮಡ್‌ಗಾರ್ಡ್ ಮೇಲೆ ಯಾರೂ ಕೂರುವ ಹಾಗಿಲ್ಲ. ಮಗ, ತಮ್ಮ, ಊರಿನ ಗೌಡರು, ಯಾರೇ ಆಗಲಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಕಲ್ಲು ಹಾರುವ ದೂರ, ಜನ ನಿಲ್ಲುವ ದೂರ

ತಿರುಗುವ ಬ್ಲೇಡಿಗೆ ತಾಗಿದ ಕಲ್ಲು ಎಷ್ಟು ದೂರ ಹೋಗುತ್ತದೆ? ಮೆಷಿನ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಜನರನ್ನು 90-100 ಮೀಟರ್ ದೂರ ಇಡಿ ಅಂತ ಇರುತ್ತದೆ. ಓದಿದಾಗ ಜಾಸ್ತಿ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಒಮ್ಮೆ ಏರಿಯ ಆ ತುದಿಯಲ್ಲಿ ನಿಲ್ಲಿಸಿದ್ದ ಬೈಕಿನ ಹೆಡ್‌ಲೈಟ್ ಚೂರಾಯಿತು. ಹೆಜ್ಜೆ ಹಾಕಿ ಅಳೆದರೆ ಎಪ್ಪತ್ತರ ಹತ್ತಿರ ಬಂತು. ಬೈಕಿನ ಪಕ್ಕದಲ್ಲಿ ಐದು ನಿಮಿಷದ ಮುಂಚೆ ಇಬ್ಬರು ಮಕ್ಕಳು ನಿಂತಿದ್ದರು.

ಏರಿಯ ಮೇಲೆ ಜನ ಓಡಾಡದೆ ಇರಲು ಆಗುವುದಿಲ್ಲ. ಕುರಿ ಬರುತ್ತವೆ, ಹಾಲಿನವರು ಬರುತ್ತಾರೆ, ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ. ಹಾಗಾಗಿ ಹಿಂದಿನ ದಿನವೇ ಡೇರಿಯಲ್ಲಿ, ಶಾಲೆಯಲ್ಲಿ, ದೇವಸ್ಥಾನದ ಹತ್ತಿರ ಹೇಳಿಬಿಡಿ. ಎರಡು ತುದಿಗೂ ಒಬ್ಬೊಬ್ಬರು ಕೆಂಪು ಬಾವುಟ, ವಿಷಲ್ ಹಿಡಿದು ನಿಲ್ಲಲಿ. ಬರೀ ಒಂದು ಹಗ್ಗ ಕಟ್ಟಿದರೆ ದಾಟಿಕೊಂಡು ಬಂದೇ ಬರುತ್ತಾರೆ. ಯಾರಾದರೂ ಆ ದೂರದೊಳಗೆ ಬಂದರೆ ಮೊದಲು ತಲೆ ನೆಲದ ಹತ್ತಿರಕ್ಕೆ ಇಳಿಸಿ, ಪಿಟಿಓ ಆಫ್ ಮಾಡಿ. ಆಫ್ ಮಾಡಿದ ತಕ್ಷಣ ಬ್ಲೇಡ್ ನಿಲ್ಲುವುದಿಲ್ಲ, ಉರುಳೆ ತನ್ನ ಓಟ ಮುಗಿಸಲು ಹೊತ್ತು ತೆಗೆದುಕೊಳ್ಳುತ್ತದೆ. ನಿಂತ ಮೇಲೇ ಜನ ದಾಟಲಿ.

ತಲೆಯನ್ನು ಎತ್ತಿ ಗಿಡದ ನೆತ್ತಿ ಕತ್ತರಿಸುವಾಗ ಅದರ ಬಾಯಿ ನಿಮ್ಮ ಕಡೆಗಾಗಲಿ, ರಸ್ತೆಯ ಕಡೆಗಾಗಲಿ ತಿರುಗಬಾರದು. ಸೀಟಿನ ಪಕ್ಕ ಜಾಲರಿ ಇಲ್ಲದ ಟ್ರ್ಯಾಕ್ಟರ್‌ನಲ್ಲಿ ಈ ಕೆಲಸ ಮಾಡಲೇಬೇಡಿ. ದಪ್ಪ ಪಾಲಿಕಾರ್ಬೊನೇಟ್ ಶೀಟು, ಅದರ ಹೊರಗೆ ಕಬ್ಬಿಣದ ಜಾಲರಿ, ಎರಡೂ ಇದ್ದರೆ ಧೈರ್ಯವಾಗಿ ಕೂರಬಹುದು.

ಡಾಂಬರು ರಸ್ತೆ ಬದಿಯಲ್ಲಾದರೆ ಇನ್ನಷ್ಟು ಬೇಕು: ಹಿಂದೆ ದೂರದಲ್ಲಿ ಬೋರ್ಡು, ಕೋನ್‌ಗಳು, ಟ್ರ್ಯಾಕ್ಟರ್ ನೆತ್ತಿಯ ಮೇಲೆ ಹಳದಿ ಮಿನುಗು ದೀಪ, ಎಲ್ಲರಿಗೂ ಹೊಳೆಯುವ ಜಾಕೆಟ್. ತಿರುವಿನ ಮುಂಚೆ ಬೋರ್ಡ್ ಇಡಿ, ತಿರುವಿನೊಳಗೆ ಅಲ್ಲ. ತುಮಕೂರು ರಸ್ತೆಯಂಥ ಹೆದ್ದಾರಿಗಳಲ್ಲಿ ಪ್ರಾಧಿಕಾರದ ಅನುಮತಿ, ಅವರ ಗಾಡಿಯ ಕಾವಲು ಇಲ್ಲದೆ ಇಳಿಯುವ ಮಾತೇ ಇಲ್ಲ. ಊರಿಂದ ಊರಿಗೆ ಹೋಗುವಾಗ ಕೈ ಪೂರ್ತಿ ಮಡಚಿ, ಲಾಕ್ ಪಿನ್ ಹಾಕಿ, ಪಿಟಿಓ ಆಫ್. ಮಡಚಿದಾಗ ಎತ್ತರ ಎಷ್ಟು ಅಂತ ಅಳೆದು ಡ್ಯಾಶ್‌ಬೋರ್ಡ್ ಮೇಲೆ ಬರೆದಿಡಿ. ರೈಲ್ವೆ ಕೆಳಸೇತುವೆ ಬಂದಾಗ ಬೇಕಾಗುತ್ತದೆ.

ಸಿಕ್ಕಿಕೊಂಡಾಗ

ತಂತಿ, ಬಳ್ಳಿ, ಬಟ್ಟೆ ಏನೋ ಒಂದು ಉರುಳೆಗೆ ಸಿಕ್ಕಿ ಮೆಷಿನ್ ನಿಲ್ಲುತ್ತದೆ. ಬಹಳಷ್ಟು ಕೈಗಳು ಹೋಗುವುದು ಆಗಲೇ. ಬೇಸರ, ಬಿಸಿಲು, ಬೇಗ ಮುಗಿಸುವ ಆತುರ. ಕ್ರಮ ಇದು, ಒಂದನ್ನೂ ಬಿಡುವ ಹಾಗಿಲ್ಲ. ತಲೆ ನೆಲಕ್ಕೆ. ಪಿಟಿಓ ಆಫ್. ಎಂಜಿನ್ ಆಫ್. ಹ್ಯಾಂಡ್ ಬ್ರೇಕ್. ಕೀಲಿ ನಿಮ್ಮ ಜೇಬಿಗೆ. ಉರುಳೆ ನಿಂತಿದ್ದು ಕಣ್ಣಾರೆ ನೋಡಿ. ಲಿವರ್ ಆಡಿಸಿ ಒತ್ತಡ ಇಳಿಸಿ. ಆಮೇಲೆ ದಪ್ಪ ಕೈಗವಸು ಹಾಕಿ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ ತೆಗೆಯಿರಿ. ಬಿಗಿಯಾಗಿ ಸುತ್ತಿಕೊಂಡಿದ್ದನ್ನು ಬಿಡಿಸಿದಾಗ ಉರುಳೆ ಒಂದು ಸುತ್ತು ತಿರುಗಿಬಿಡಬಹುದು, ಬೆರಳು ಬ್ಲೇಡ್‌ಗಳ ನಡುವೆ ಇರಬಾರದು. ಎತ್ತಿದ ತಲೆಯ ಕೆಳಗೆ ಆಯಿಲ್ ಒತ್ತಡವನ್ನೇ ನಂಬಿ ತೂರಬೇಡಿ. ಬ್ಲೇಡ್ ಬಿಚ್ಚಲು ಎತ್ತಲೇಬೇಕಾದರೆ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ.

ಧೂಳು, ಮುಳ್ಳು, ಬೆಂಕಿ

ಕಾಂಗ್ರೆಸ್ ಗಿಡ ಹೂವಾಗುವ ಮುಂಚೆ ಕತ್ತರಿಸಿದರೆ ಎಲ್ಲರಿಗೂ ಒಳ್ಳೆಯದು. ಹೂವಾದ ಮೇಲೆ ಅದರ ಪುಡಿ ಮೂಗಿಗೆ, ಚರ್ಮಕ್ಕೆ ಅಲರ್ಜಿ ತರುತ್ತದೆ. ಉಬ್ಬಸ ಇರುವವರು ಆ ದಿನ ಕೆಲಸಕ್ಕೆ ಬೇಡ. ಮಾಸ್ಕ್, ತುಂಬು ತೋಳಿನ ಅಂಗಿ ಹಾಕಿ. ಕತ್ತರಿಸಿದ ಜಾಲಿ ಮುಳ್ಳಿನ ಮೇಲೆ ಟ್ರ್ಯಾಕ್ಟರ್ ಹತ್ತಿಸಿದರೆ ಟಯರ್ ಪಂಕ್ಚರ್, ಏರಿಯ ಮೇಲೆ ಪಂಕ್ಚರ್ ಆದರೆ ವಾಲುವ ಅಪಾಯ ಬೇರೆ. ಕುಂಟೆಯಲ್ಲಿ ಮುಳ್ಳು ಸರಿಸುತ್ತಾ ಒಬ್ಬರು ಬರಲಿ, ಬ್ಲೇಡ್ ನಿಂತಿರುವಾಗ ಮಾತ್ರ. ಮಾರ್ಚ್ ಏಪ್ರಿಲ್‌ನಲ್ಲಿ ಒಣಹುಲ್ಲು, ಬಿಸಿ ಸೈಲೆನ್ಸರ್, ಬ್ಲೇಡ್ ಕಲ್ಲಿಗೆ ತಾಗಿದ ಕಿಡಿ ಸೇರಿದರೆ ಏರಿಯೇ ಹೊತ್ತಿಕೊಳ್ಳುತ್ತದೆ. ಎರಡು ಕ್ಯಾನ್ ನೀರು, ಬೆಂಕಿ ಆರಿಸುವ ಒಂದು ಸಿಲಿಂಡರ್ ಜೊತೆಗಿರಲಿ. ರೇಡಿಯೇಟರ್ ಜಾಲರಿಯಲ್ಲಿ ಸಿಕ್ಕಿದ ಹೊಟ್ಟನ್ನು ಎರಡು ಗಂಟೆಗೊಮ್ಮೆ ಎಂಜಿನ್ ಆಫ್ ಮಾಡಿ ಬ್ರಷ್‌ನಿಂದ ತೆಗೆಯಿರಿ.

ಸಂಜೆ

ಬೆಳಕು ಇರುವಾಗಲೇ ನಿಲ್ಲಿಸಿ. ಕತ್ತು ನೋಯಲು ಶುರುವಾದರೆ ಅದಕ್ಕೂ ಮುಂಚೆಯೇ ನಿಲ್ಲಿಸಿ, ಕತ್ತು ಹಿಡಿದವನು ಹಿಂದೆ ತಿರುಗಿ ನೋಡುವುದಿಲ್ಲ. ಶೆಡ್‌ನಲ್ಲಿ ತಲೆಯನ್ನು ಹಲಗೆಯ ಮೇಲೆ ಇಳಿಸಿ, ಕೀಲುಗಳಿಗೆ ಗ್ರೀಸ್ ಹೊಡೆಯಿರಿ. ಬ್ಲೇಡ್‌ಗಳನ್ನು ಮತ್ತೆ ಎಣಿಸಿ. ಬೆಳಿಗ್ಗೆ ಎಣಿಸಿದ್ದಕ್ಕಿಂತ ಒಂದು ಕಡಿಮೆ ಬಂದರೆ ಅದು ಏರಿಯ ಮೇಲೆ ಎಲ್ಲೋ ಬಿದ್ದಿದೆ. ನಾಳೆ ಅಲ್ಲಿ ದನ ಮೇಯುತ್ತವೆ, ಬರಿಗಾಲಿನ ಮಕ್ಕಳು ಓಡಾಡುತ್ತಾರೆ. ಟಾರ್ಚ್ ತೆಗೆದುಕೊಂಡು ಹೋಗಿ ಹುಡುಕಿ.